ನೀರು ನಿಲ್ಲಿಸುವವಳು

ಮಾರ್ಚ್ 3, ಸೋಮವಾರ

ಮತ್ತೆ ಹರಿದೆ. ಎರಡನೇ ಫಾರಂ ಇದು. ಹೆಸರಿನ ಕೊನೆಯ ಅಕ್ಷರದ ಬಾಲ ಗೆರೆ ದಾಟಿತ್ತು, ಅಷ್ಟೆ. ಒಸಿಡಿ ಎಂಬ ಗೀಳು ಕಾಯಿಲೆ ಇನ್ನೂ ಇದೆಯಾ ಎಂದು ಕೇಳುವ ಫಾರಂ ಬರೆಯಲು ಒಸಿಡಿಯೇ ಬಿಡುತ್ತಿಲ್ಲ. ಸಹಾಯಧನದ ಕಚೇರಿಗೆ ಫೋನ್ ಮಾಡಿ ಇನ್ನೊಂದು ಕೇಳಿದೆ. ಹದಿನೇಳರೊಳಗೆ ತಲುಪದಿದ್ದರೆ ಹಣ ನಿಲ್ಲುತ್ತದಂತೆ. ಹಣ ನಿಂತರೆ ಈ ಫ್ಲಾಟ್ ಇಲ್ಲ—ನೆರಿಸ್ ಅಕ್ಕನ ಮನೆಯ ಸೋಫಾನೇ ಗತಿ. ಜಪ್ಪಯ್ಯ ಅಂದರೂ ಹೋಗುವುದಿಲ್ಲ.

ಮಾರ್ಚ್ 8, ಶನಿವಾರ

ಫಾರಂ ಬಂತು. ಅಡುಗೆ? ಮಾಡುತ್ತೇನೆ. ಸ್ನಾನ? ಮಾಡುತ್ತೇನೆ. ಯಾರಾದರೂ ನೆರವಾಗುತ್ತಾರೆಯೇ? ಇಲ್ಲ. ಯಾರು ಕೇಳಿದರೂ ಚೆನ್ನಾಗಿದ್ದೇನೆ ಅನ್ನಬೇಕೆಂದು ಅಮ್ಮ ಕಲಿಸಿದ್ದು. ನಮ್ಮೂರಾದ ಅಬರ್‌ಡೇರ್‌ನಲ್ಲಿ ಕಾಲು ಮುರಿದುಕೊಂಡವನೂ ಪರವಾಗಿಲ್ಲ ಎನ್ನುತ್ತಾನೆ. ಒಂದೂ ತಪ್ಪಿಲ್ಲದೆ ಅಷ್ಟೂ ಪುಟ ಮುಗಿಸಿದೆ. ಹೆಮ್ಮೆಯಾಯಿತು.

ಮಾರ್ಚ್ 9, ಭಾನುವಾರ

ಅಕ್ಕ ಕೇಕ್ ತಂದಳು. ಫಾರಂ ಓದಿ ಮುಖ ಗಂಟಿಕ್ಕಿದಳು.

"ಯಾರೂ ನೆರವಾಗಲ್ವಾ? ಹಂಗಾದ್ರೆ ಸಿಂಕ್ ಕೆಳಗೆ ಬಗ್ಗಿ ನೀರು ಬಂದ್ ಮಾಡೋಳು ಯಾರೇ? ದೆವ್ವಾನಾ?"

ವಾರಕ್ಕೆ ಮೂರು ನಾಲ್ಕು ಸಲ ಕೈ ತೊಳೆಯುತ್ತ ನಿಂತುಬಿಡುತ್ತೇನೆ. ಒಂದು ಗಂಟೆ, ಎರಡು ಗಂಟೆ... ಚರ್ಮ ಸುಲಿದರೂ ಬಿಡಲಾಗುವುದಿಲ್ಲ. ಫೋನ್ ಎತ್ತದಿದ್ದಾಗ ಅವಳು ಬಂದು, ಸಿಂಕ್ ಕೆಳಗಿನ ವಾಲ್ವ್ ತಿರುಗಿಸಿ, ಇಡೀ ಮನೆಯ ನೀರು ನಿಲ್ಲಿಸುತ್ತಾಳೆ. ಆಗ ನಾನೂ ನಿಲ್ಲುತ್ತೇನೆ. ಹದಿಮೂರು ವರ್ಷದಿಂದ ಹೀಗೇ. ಅದಕ್ಕೆ ಸಹಾಯ ಎಂಬ ಹೆಸರಿದೆಯೆಂದು ನನಗೆ ಹೊಳೆದೇ ಇರಲಿಲ್ಲ.

ಅದನ್ನೇ ಬರೆ, ಚೆನ್ನಾಗಿದ್ದೀನಿ ಅಂದ್ರೆ ಹಣ ಯಾಕೆ ಕೊಡ್ತಾರೆ ಎಂದಳು. ಬರೆದರೆ 'ಇಲ್ಲ' ಎಂಬುದಕ್ಕೆ ಕಾಟು ಹೊಡೆಯಬೇಕು, ಪುಟವೇ ಹಾಳು. ನಾಲ್ಕನೆಯದು ತರಿಸಲು ದಿನವಿಲ್ಲ.

"ಹಾಳಾಗ್ಲಿ ಬಿಡು, ಎಲೆರಿ. ನಿನ್ನ ಕಾಯಿಲೆ ಏನು ಅಚ್ಚುಕಟ್ಟಾಗಿದ್ಯಾ?"

ಮಾರ್ಚ್ 12, ಬುಧವಾರ

ಮೂರು ದಿನ ಫಾರಂ ಮುಟ್ಟಲಿಲ್ಲ. ಇವತ್ತು ಕಾಟು ಹೊಡೆದೆ. ಪಕ್ಕದಲ್ಲಿ, ಗೆರೆ ದಾಟಿ, ಬರೆದೆ—ಅಕ್ಕ ನೀರು ನಿಲ್ಲಿಸದಿದ್ದರೆ ನಾನು ನಿಲ್ಲಲಾರೆ. ನಾಚಿಕೆಯಾಯಿತು. ಅಳುವೂ ಬಂತು. ಶಾಯಿ ಹರಡಿತು. ಆದರೂ ಫಾರಂ ಹರಿಯಲಿಲ್ಲ!

ಮಾರ್ಚ್ 13, ಗುರುವಾರ, ಬೆಳಿಗ್ಗೆ 10.20

ಲಕೋಟೆ ಅಂಟಿಸಿದೆ. ಬೀದಿ ಕೊನೆಯ ಡಬ್ಬಿಯಿಂದ ಹನ್ನೊಂದಕ್ಕೆ ಅಂಚೆ ಎತ್ತುತ್ತಾರೆ. ಸಹಿ ಹಾಕಿದೆನಾ? ಹಾಕಿದ್ದೇನೆ. ಅಕ್ಕನೂ ನೋಡಿದ್ದಾಳೆ. ಒಂದೇ ಒಂದು ಸಲ ತೆರೆದು ನೋಡಿದರೆ... ತೆರೆದರೆ ಇದು ಯಾವತ್ತೂ ಹೋಗುವುದಿಲ್ಲ, ನನಗೆ ಗೊತ್ತು.

10.48

ಇನ್ನೂ ಇಲ್ಲೇ ಕೂತಿದ್ದೇನೆ. ಹಾಕಿದ್ದೇನೆ, ಹಾಕಿದ್ದೇನೆ. ಸಾಕು. ಕೋಟು ತೊಟ್ಟೆ. ಈ ವಾಕ್ಯ ಮುಗಿಯುವ ತನಕ ಕೂತರೆ ಅಂಚೆ ಗಾಡಿ