ಒಂದು ಮಳೆಗಾಲ ಕಡಿಮೆ ಓದಿದವಳು

ಹೊಸಗಜನಿ ಒಡ್ಡು
ಭಾದ್ರಪದ, ಇಸವಿ ೨೧೮೭

ನೂರೈವತ್ತಕ್ಕೂ ಹೆಚ್ಚು ವರ್ಷ ಹಿಂದೆ ಪರಿಸರ ಅಧ್ಯಯನ ಕಲಿಸುತ್ತಿರುವ ಮಾಸ್ತರರಿಗೆ ಬೊಮ್ಮಯ್ಯ ನಾಯಕ ಮಾಡುವ ನಮಸ್ಕಾರಗಳು.

ಮೇಲಿನ ತಾರೀಕು ಕಂಡು ಇದು ಯಾರದೋ ಕುಚೋದ್ಯವೆಂದು ಕಾಗದ ಮಡಚಿಡಬೇಡಿ. ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಾನೂ ನಿಮ್ಮ ಹಾಗೆ ಕಾಲೇಜು ಮಾಸ್ತರ. ನಿಮ್ಮ ಮೇಜಿನ ಮೇಲೆ ಈಗ ಇರುವಂಥದೇ, ಒಂದು ವರ್ಷ ಮೊದಲೇ ಓದು ಮುಗಿಸುವ ಅರ್ಜಿಗೆ ರುಜು ಹಾಕಿ ಒಂದು ಹುಡುಗಿಯನ್ನು ಕಳೆದುಕೊಂಡವನು.

ನಮ್ಮ ಕಾಲದಲ್ಲಿ ಸಮುದ್ರ ನಿಮ್ಮ ಹೆದ್ದಾರಿಯನ್ನು ದಾಟಿ ಒಳಗೆ ಬಂದಿದೆ. ನದಿ ಸಮುದ್ರ ಸೇರುವ ಅಳಿವೆಯಲ್ಲಿ ಮಣ್ಣು, ಚಿಪ್ಪು, ಕಲ್ಲು ಸೇರಿಸಿ ಎತ್ತರದ ಒಡ್ಡು ಕಟ್ಟಿ ಅದರ ಹಿಂದೆ ಊರು ಮಾಡಿಕೊಂಡಿದ್ದೇವೆ. ಉಪ್ಪಿಗೆ ಜಗ್ಗದ ಕಗ್ಗದ ಭತ್ತ ಬೆಳೆಯುತ್ತೇವೆ, ಮಾಡಿನಿಂದ ಇಳಿಯುವ ಮಳೆನೀರನ್ನು ಹಂಡೆಗೆ ಹಿಡಿದು ಕುಡಿಯುತ್ತೇವೆ. ಸಮುದ್ರ ಏರುವ ಭರತದ ಹೊತ್ತು ನೋಡಿ ಶಾಲೆ ಬಿಡುತ್ತೇವೆ, ಮದುವೆಯ ಮುಹೂರ್ತ ಇಡುವಾಗಲೂ ಭಟ್ಟರು ಮೊದಲು ಕೇಳುವುದು ಇಳಿತ ಎಷ್ಟಕ್ಕೆ ಎಂದು. ಪ್ರತಿ ಒಡ್ಡಿಗೂ ಒಬ್ಬರು ಒಡ್ಡುಗಾರರು. ನೀರು ಬಿಡುವ ಬಾಗಿಲನ್ನು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ಹೇಳುವವರು ಅವರೇ. ಅದಕ್ಕೆ ಪರಿಸರ ಅಧ್ಯಯನದಲ್ಲಿ ಸ್ನಾತಕೋತ್ತರ ಪದವಿ ಬೇಕು. ಮೂರು ವರ್ಷ ಪದವಿ, ಎರಡು ವರ್ಷ ಸ್ನಾತಕೋತ್ತರ. ಕೊನೆಯದು ‘ಕೂರುವರ್ಷ’. ಯುಗಾದಿಯಿಂದ ಯುಗಾದಿಯ ತನಕ ವಿದ್ಯಾರ್ಥಿ ಹಳೆಯ ಒಡ್ಡುಗಾರರ ಪಕ್ಕದಲ್ಲಿ ಕೂತು ಪ್ರತಿ ಭರತ, ಪ್ರತಿ ಇಳಿತ ಬರೆದಿಡಬೇಕು. ಪಾಠವಿಲ್ಲ, ಪರೀಕ್ಷೆಯಿಲ್ಲ. ಹೊರಗಿನವರಿಗೆ ಅದು ಸೋಮಾರಿಗಳ ವರ್ಷದಂತೆ ಕಾಣುತ್ತಿತ್ತು. ನನಗೂ ಹಾಗೇ ಕಂಡಿತು.

ಹದಿನೇಳು ಒಡ್ಡುಗಳಿಗೆ ಆಳಿಲ್ಲದ ಕಾಲ ಬಂತು. ಆಗ ನಾನು ಒಂದು ಹೊಸ ದಾರಿ ಬರೆದೆ. ಹೆಸರು ‘ಜೋಡಿಪದವಿ’. ಒಳ್ಳೆಯ ಅಂಕದ ಮಕ್ಕಳು ಪದವಿಯ ಮೂರನೇ ವರ್ಷದಲ್ಲೇ ಸ್ನಾತಕೋತ್ತರದ ಪತ್ರಿಕೆಗಳನ್ನು ಓದಬಹುದು, ಅವು ಎರಡೂ ಪದವಿಗೆ ಸಲ್ಲುತ್ತವೆ, ಐದು ವರ್ಷದ ಓದು ನಾಲ್ಕಕ್ಕೆ ಮುಗಿಯುತ್ತದೆ. ಮಳೆಗಾಲದಲ್ಲಿ ತರಗತಿ ಇರುತ್ತಿದ್ದರಿಂದ ಕೂರುವರ್ಷವನ್ನು ದೀಪಾವಳಿಯಿಂದ ಯುಗಾದಿಗೆ ಕತ್ತರಿಸಿದೆ. ಎಲ್ಲರೂ ಬೆನ್ನು ತಟ್ಟಿದರು. ನಾನೂ ಉಬ್ಬಿ ಹಪ್ಪಳವಾಗಿದ್ದೆ.

ಆ ದಾರಿ ಹಿಡಿದ ಮೊದಲ ವಿದ್ಯಾರ್ಥಿನಿ ಶೇವಂತಿ ಅಂಬಿಗ. ಚಿಪ್ಪು ಹೆಕ್ಕಿ ಬದುಕುವ ಅಜ್ಜಿ ಸಾಕಿದ ಹುಡುಗಿ, ಬಲು ಚುರುಕು, ನನ್ನ ತಪ್ಪನ್ನು ನಗುನಗುತ್ತಲೇ ತಿದ್ದುವವಳು. ಈ ವರ್ಷದ ಯುಗಾದಿಯ ಹಿಂದಿನ ವಾರ ನನ್ನ ಕೋಣೆಗೆ ಬಂದು ಬಾಗಿಲಲ್ಲೇ ನಿಂತಳು. “ಮಾಸ್ತರೇ, ನಂಗೆ ಪದವಿ ಈಗ್ಲೇ ಬ್ಯಾಡ. ಒಂದ್ ಮಳೆಗಾಲ ಒಡ್ಡಿನ ಮ್ಯಾನೆ ಕುಂತ್ಕಂಡಿ ಬತ್ತೆ” ಎಂದಳು. ಇಷ್ಟು ಅಂಕ ತೆಗೆದವಳು ವರ್ಷ ಹಾಳುಮಾಡುತ್ತೀಯಾ, ನೀನೇ ಹಿಂದೆ ಸರಿದರೆ ಉಳಿದವರು ಬರುತ್ತಾರಾ ಎಂದು ಅರ್ಧ ಗಂಟೆ ಬುದ್ಧಿ ಹೇಳಿದೆ. ಅವಳಿಗೆ ನನ್ನ ಮೇಲೆ ಗೌರವವಿತ್ತು. ಅದಕ್ಕೇ ಒಪ್ಪಿದಳು.

ಇಪ್ಪತ್ತೊಂದನೇ ವಯಸ್ಸಿಗೆ ಹೊಸಗಜನಿ ಒಡ್ಡು ಅವಳ ಕೈಗೆ ಬಂತು. ಮಳೆಯಿಲ್ಲದ ಆ ಐದು ತಿಂಗಳಲ್ಲಿ ಅವಳು ಕಲಿತದ್ದು ಒಂದೇ, ಭರತ ಏರುವಾಗ ಬಾಗಿಲು ಮುಚ್ಚಬೇಕು, ಇಲ್ಲದಿದ್ದರೆ ಗದ್ದೆಗೆ ಉಪ್ಪು ನುಗ್ಗುತ್ತದೆ. ಆಷಾಢದ ಲೆಕ್ಕ ಬೇರೆ. ಬೆಟ್ಟದ ಹಳ್ಳ ಕೆಂಪಾಗಿ ಇಳಿದ ದಿನ ಬಾಗಿಲುಗಳನ್ನೆಲ್ಲ ತೆರೆದು ಒಳಗಿನ ನೀರನ್ನು ಮೊದಲು ಹೊರಗೆ ಬಿಡಬೇಕು, ಉಪ್ಪಿನ ಚಿಂತೆ ಆಮೇಲೆ. ಇದು ಯಾವ ಪುಸ್ತಕದಲ್ಲೂ ಇಲ್ಲ, ಕೂತವರಿಗೆ ಮಾತ್ರ ಗೊತ್ತು. ಆಷಾಢದ ಅಮಾವಾಸ್ಯೆಯ ಬೆಳಿಗ್ಗೆ ಅವಳು ಕಲಿತಂತೆ ಬಾಗಿಲು ಮುಚ್ಚಿದಳು. ಒಳಗೆ ನೀರು ಏರುವುದನ್ನು ಕಂಡ ಕೂಡಲೇ ಊರಿನವರನ್ನೆಲ್ಲ ಗುಡ್ಡ ಹತ್ತಿಸಿ ತಾನು ಬಾಗಿಲು ಎತ್ತಲು ಹಿಂದೆ ಓಡಿದಳು. ಒಡ್ಡು ಅಲ್ಲೇ ಒಡೆಯಿತು. ಊರಿನವರೆಲ್ಲ ಬದುಕಿದರು. ಅವಳು ಸಿಕ್ಕಿದ್ದು ಮೂರನೆಯ ದಿನ.

ತಪ್ಪು ಹುಡುಗಿಯದು, ದಾರಿಯದಲ್ಲ ಎಂದು ತನಿಖೆಯವರು ಬರೆದರು. ತನಿಖೆಯ ಸಭೆಯಲ್ಲಿ ನಾನು ಎದ್ದು ನಿಂತು ತಪ್ಪು ನನ್ನದು ಎಂದೆ. ದುಃಖದಲ್ಲಿ ಹಾಗನ್ನಿಸುತ್ತದೆ ಎಂದು ಸಮಾಧಾನ ಮಾಡಿ ಕೂರಿಸಿದರು. ಈಗಲೂ ಒಂಬತ್ತು ಮಕ್ಕಳು ಅದೇ ದಾರಿಯಲ್ಲಿದ್ದಾರೆ. ಕೆಲಸ ಬಿಟ್ಟು ನಾನೀಗ ಇಲ್ಲಿ, ಊರಿನವರು ತರಾತುರಿಯಲ್ಲಿ ಮತ್ತೆ ಕಟ್ಟಿದ ಒಡ್ಡಿನ ಮೇಲೆ, ಅರುವತ್ತನೇ ವಯಸ್ಸಿಗೆ ಕೂರುವರ್ಷ ಕೂತಿದ್ದೇನೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಬುದ್ಧಿ. ಶೇವಂತಿಯ ಅಜ್ಜಿ ಮಧ್ಯಾಹ್ನ ಗಂಜಿ ತಂದುಕೊಡುತ್ತಾರೆ. ಒಂದು ದಿನವೂ ಬೈದಿಲ್ಲ. ಬೈದಿದ್ದರೆ ಆ ಗಂಜಿ ಗಂಟಲಲ್ಲಿ ಇಳಿಯುತ್ತಿತ್ತು.

ಮಾಸ್ತರೇ, ದಾರಿಯನ್ನೇ ಮುಚ್ಚಿ ಎನ್ನುವುದಿಲ್ಲ. ಬಡವರ ಮಕ್ಕಳಿಗೆ ಬೇಗ ಕೆಲಸ ಸಿಗುವುದು ಸಣ್ಣ ಮಾತಲ್ಲ. ಪತ್ರಿಕೆಗಳನ್ನು ಬೇಕಾದರೆ ಎರಡು ಪದವಿಗೂ ಸಲ್ಲಿಸಿ. ಮಳೆಗಾಲವನ್ನು ಮಾತ್ರ ಬಿಟ್ಟುಕೊಡಬೇಡಿ. ಯಾರಾದರೂ ಮಗು ಬಾಗಿಲಲ್ಲಿ ನಿಂತು ಇನ್ನೂ ಸ್ವಲ್ಪ ದಿನ ಕಲಿಯುತ್ತೇನೆ ಎಂದರೆ ಬುದ್ಧಿ ಹೇಳಲು ಹೋಗಬೇಡಿ.

ಹಳೆಯ ದಾರಿಯಲ್ಲೇ ಬಂದಿದ್ದರೆ ಶೇವಂತಿ ಇವತ್ತು ಇಲ್ಲಿ, ನಾನು ಕೂತ ಜಾಗದಲ್ಲಿ, ನೋಟುಪುಸ್ತಕ ಹಿಡಿದು ಇಳಿತ ಬರೆಯುತ್ತಿದ್ದಳು. ನಾನು ಅವಳಿಗೆ ಉಳಿಸಿಕೊಟ್ಟೆ ಎಂದುಕೊಂಡ ವರ್ಷ ಇದೇ.