ಸಾಕೆಂದು ಇಟ್ಟ ಹೆಸರು

ಸಿಫ್ನೋಸ್,
೩ ಆಗಸ್ಟ್ ೧೯೯೪

ಪ್ರೀತಿಯ ಮಿರ್ಸಿನಿ,

ಚೆಂದದ ಹೆಸರೇ, ಆದರೆ ಸ್ವಲ್ಪ ಭಾರ ಎಂದೋ, ಗಟ್ಟಿ ಎಂದೋ ಈಸ್ಟರ್ ಊಟದ ಹೊತ್ತಿಗೆ ನನ್ನ ಹೆಸರಿನ ಬಗ್ಗೆ ನೀನು ಏನೋ ಅಂದೆಯಲ್ಲ. ನಾನು ಕುರಿಮಾಂಸದ ಮಡಕೆ ನೋಡುವ ನೆಪದಲ್ಲಿ ಒಳಗೆ ಹೋಗಿದ್ದೆ. ಅಂದು ಹೇಳದ್ದನ್ನು ಈಗ ಬರೆಯುತ್ತಿದ್ದೇನೆ.

ಮೊದಲ ಮಗಳಿಗೆ ಗಂಡನ ತಾಯಿಯ ಹೆಸರು ಎಂಬುದನ್ನು ನನ್ನ ಮಗ ಲೆಫ್ಟೆರಿಸ್ ಕಾನೂನಿನಂತೆ ಹಿಡಿದು, ನಿಮ್ಮ ಕೂಸಿಗೆ ನನ್ನ ಹೆಸರೇ ಆಗಬೇಕೆಂದು ಕೂತಿದ್ದಾನೆ. ಸ್ತಮಾತಾ ಅಂದರೆ ನಮ್ಮ ಗ್ರೀಕಿನಲ್ಲಿ ನಿಲ್ಲಿಸು ಎಂದು ಎಲ್ಲರಿಗೂ ಗೊತ್ತು. ಹಾಗೆಂದು ಯಾರಿಗೆ ಹೇಳಿದ್ದು ಎಂಬುದು ಮಾತ್ರ ನಮ್ಮ ಮನೆಯ ಕಥೆ.

ನಾನು ನಾಲ್ಕನೆಯ ಹೆಣ್ಣು. ಕುಂಬಾರನಾದ ಅಪ್ಪನಿಗೆ ತಿಗರಿ ತಿರುಗಿಸಲು ಗಂಡುಮಗ ಬೇಕಿತ್ತು; ಹೆಣ್ಣು ಇನ್ನು ಸಾಕೆಂದು ಈ ಹೆಸರು ಆರಿಸಿದ. ಆಗೆಲ್ಲ ಚರ್ಚಿನಲ್ಲಿ ಮಗುವನ್ನು ನೀರಿಗಿಳಿಸಿ ಹೆಸರಿಡುವ ಜ್ಞಾನಸ್ನಾನಕ್ಕೆ ಹೆತ್ತವಳು ಹೋಗುವಂತಿರಲಿಲ್ಲ; ಮಗುವನ್ನು ಎತ್ತಿಕೊಂಡ ಜ್ಞಾನತಾಯಿ ಹೆಸರು ಹೇಳಿದ ಕೂಡಲೇ ಓಣಿಯ ಮಕ್ಕಳು ಓಡಿಬಂದು ಅವಳಿಗೆ ತಿಳಿಸಬೇಕು. ತಿಳಿಸಿದರು. ಅಮ್ಮ ಅವರ ಕೈಗೆ ಬಾದಾಮಿ ಮಿಠಾಯಿ ಹಾಕುತ್ತ, "ನಿಲ್ಸು ಅನ್ನೋದಿದ್ರೆ ಅವರು ನನಗೆ ಹೇಳ್ಬೇಕಿತ್ತು, ಇಲ್ಲಾ ತಮಗೇ ಹೇಳ್ಕೋಬೇಕಿತ್ತು. ಈ ಕೂಸಿಗ್ಯಾಕೆ?" ಎಂದಳಂತೆ. ಮಕ್ಕಳು ಆ ಮಾತನ್ನೂ ಹೊತ್ತುಕೊಂಡು ಚರ್ಚಿಗೆ ವಾಪಸು ಓಡಿದರು. ಪಾದ್ರಿ ಗಡ್ಡದೊಳಗೇ ನಕ್ಕರಂತೆ.

ಎರಡು ವರ್ಷಕ್ಕೆ ಐದನೆಯವಳು ಬಂದಳು. ಆಮೇಲೆ ಆರನೆಯವಳು. ಅಕ್ಕಂದಿರು, "ಏನೇ ಸ್ತಮಾತಾ, ನಿನ್ನ ಮಾತು ಯಾರೂ ಕೇಳೋದೇ ಇಲ್ವಲ್ಲೇ" ಎಂದು ರೇಗಿಸುತ್ತಿದ್ದರು. ಕೊನೆಗೆ ಅಪ್ಪ ತಿಗರಿಯ ಮುಂದೆ ನನ್ನನ್ನೇ ಕೂರಿಸಿದ. ನೀನು ಅಂದು ಮೆಚ್ಚಿದ ಮಡಕೆ ಆ ತಿಗರಿಯದೇ.

ಹೇಳಿದ ಕೆಲಸ ಒಂದು ದಿನವೂ ಮಾಡದ ಹೆಸರು ಇದು. ಈ ತಿಂಗಳ ಹದಿನೈದರ ದೇವಮಾತೆಯ ಹಬ್ಬ ಕಳೆದ ಮೇಲೆ ಮಗುವನ್ನು ನೀರಿಗಿಳಿಸುವಾಗ ನಿನ್ನ ತಾಯಿಯ ಹೆಸರಿಡು, ಇಲ್ಲವೇ ನಿನಗೆ ಹಿಡಿಸಿದ್ದು. ಜ್ಞಾನತಾಯಿಯ ಕಿವಿಯಲ್ಲಿ ಮೊದಲೇ ಹೇಳಿಡು. ಅವಳ ಬಾಯಿಂದ ಬಿದ್ದ ಮೇಲೆ ಲೆಫ್ಟೆರಿಸ್ ಏನೂ ಮಾಡಲಾರ. ನನಗೆ ಬೇಸರವಿಲ್ಲ. ನಿಜವಾಗಿಯೂ ಇಲ್ಲ.

ನಿನ್ನ ಅತ್ತೆ,
ಸ್ತಮಾತಾ

ಮರೆತಿದ್ದೆ: ಮಗುವನ್ನು ಒರೆಸುವ ಬಿಳಿ ವಸ್ತ್ರವನ್ನು ಇದರೊಡನೆ ಕಳಿಸುತ್ತಿದ್ದೇನೆ. ಮೂಲೆಯಲ್ಲಿ ಸೂಜಿಯ ತೂತುಗಳು ಕಂಡರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಜೂನ್‌ನಲ್ಲಿ ಆತುರಪಟ್ಟು ನನ್ನ ಹೆಸರಿನ ಏಳು ಗ್ರೀಕ್ ಅಕ್ಷರ ಕಸೂತಿ ಹಾಕಿದ್ದೆ, ನಿನ್ನೆ ಬಿಚ್ಚಿದೆ. ಕೊನೆಯ ಅಕ್ಷರ ಬಿಚ್ಚುವಾಗ, ಇಪ್ಪತ್ತು ವರ್ಷದ ಹಿಂದೆ ತೀರಿಕೊಂಡವನನ್ನು ಕೇಳಬೇಕೆನಿಸಿತು: ಅಪ್ಪ, ಆಗ ಯಾರನ್ನೂ ನಿಲ್ಲಿಸಲಾಗದ ನಾನು ಈಗ ನನ್ನನ್ನೇ ನಿಲ್ಲಿಸುತ್ತಿದ್ದೇನೆಯೇ?