ಮಾವನವರ ಇಂಗ್ಲಿಷ್ ಹಳ್ಳಿಯಲ್ಲೊಂದು ಕನ್ನಡ ಬೆಂಚು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಗಣ್ಯರೇ, ಪರಲೋಕದ ಮುಂದಿನ ಸಾಲಿನಲ್ಲಿ ಟೈ ಕಟ್ಟಿಕೊಂಡು ಕೂತಿರುವ ಪೂಜ್ಯ ಮಾವನವರೇ,

ತಮ್ಮ ಅಳಿಯ ಸೇಡು ತೀರಿಸಿಕೊಂಡಿದ್ದಾನೆಂದು ತಿಳಿಸಲು ಹರ್ಷಿಸುತ್ತೇನೆ.

ಕೆನಡಾದ ವಿಟ್ಬಿಯ ನಮ್ಮ ಮನೆಯ ಭಾನುವಾರಗಳು ನೆನಪಿವೆಯೇ? ಹೊರಗೆ ಹಿಮ, ಒಳಗೆ ನಿಮ್ಮ ಮಹಿಮೆ. ಕೆನಡಾಕ್ಕೆ ಬರುವ ಮೊದಲು ನೀವು ಡಾಕ್ಟರಾಗಿದ್ದ ಆ ಇಂಗ್ಲಿಷ್ ಹಳ್ಳಿಯನ್ನು ಬಿಸಿಬೇಳೆಭಾತಿನ ಜೊತೆ ಬಡಿಸುತ್ತಿದ್ದಿರಿ: ಹುಲ್ಲು ಹೊದಿಸಿದ ಕಲ್ಲಿನ ಮನೆಗಳು, ಚರ್ಚಿನ ಗಂಟೆ, ಬೇಲಿಗೆ ಗುಲಾಬಿ. ನಾನು ಮಗಳು ಅನಘಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದು ಪ್ರಾಸದ ಪದ್ಯ ಹೇಳಿದರೆ ಸಾಕು, ಚಮಚ ಕೆಳಗಿಡುತ್ತಿದ್ದಿರಿ. “ಏನ್ರೀ ಅಳಿಯಂದಿರೇ, ಬಸ್ ಕಂಡಕ್ಟರ್ ಥರ ಕೂಗ್ತೀರಲ್ಲ! ಮಗು ಆಕ್ಸೆಂಟು ಕೆಟ್ಟೋಗುತ್ತೆ. ಕನ್ನಡ ಮೀಡಿಯಮ್ಮು ನಿಮಗೇ ಸಾಕು, ಅವಳಿಗೆ ಬೇಡ.” ನಿಮ್ಮ ಮಗಳು ತಟ್ಟೆ ನೋಡುತ್ತಿದ್ದಳು. ನಾನು ಪದ್ಯ ನುಂಗುತ್ತಿದ್ದೆ. ಎಷ್ಟು ನುಂಗಿದೆನೆಂದರೆ...

ಆಸ್ಪತ್ರೆಯ ಹಾಸಿಗೆಯಲ್ಲೂ ನಿಮ್ಮ ಬಾಯಲ್ಲಿ ಅದೇ ಊರು. “ಅಲ್ಲಿ ಸತ್ತೋರ ಹೆಸರಲ್ಲಿ ಬೆಂಚ್ ಹಾಕಿಸ್ತಾರೆ ಕಣ್ರೀ. ನಮ್ಮ ಥರ ವಡೆ ತಿಂದು ಮರೆಯಲ್ಲ. ನಂಗೂ ಒಂದು ಹಾಕಿಸಿ.” ಅದರ ಮೇಲೆ ಏನು ಕೆತ್ತಿಸಬೇಕೆಂದು ಮಾತ್ರ ಹೇಳಲಿಲ್ಲ. ಅಷ್ಟು ಓದಿದವರು ಅಂಥ ತಪ್ಪು ಮಾಡುವುದೇ, ಮಾವ?

ಕಳೆದ ವರ್ಷ ಒಪ್ಪಿಗೆ ಪಡೆಯಲು ನಾನೊಬ್ಬನೇ ಹೋದೆ. ಊರು ನೀವು ಹೇಳಿದ ಹಾಗೇ ಇದೆ. ಅದಕ್ಕೂ ಸಿಟ್ಟು ಬಂತು. ಗ್ರಾಮ ಸಮಿತಿಯ ಮುದುಕಿ ನಿಯಮ ಹೇಳಿದರು: ಬಾಗಿಲಿನ ಬಣ್ಣವನ್ನೂ ಕೇಳದೆ ಬದಲಿಸುವಂತಿಲ್ಲ, ಬೆಂಚು ಓಕ್ ಮರದ್ದೇ ಆಗಬೇಕು, ಹಳ್ಳಿಯ ಚಹರೆಗೂ ಪರಂಪರೆಗೂ ಧಕ್ಕೆಯಾಗಬಾರದು. ಕೆತ್ತಿಸಲೆಂದು ನಾನು ಬರೆದಿದ್ದ ಸಾಲುಗಳನ್ನು ನೋಡಿ ಕನ್ನಡಕ ಏರಿಸಿದರು.

“ಇದು ಯಾವ ಭಾಷೆ?”

“ಡಾಕ್ಟರ ತಾಯಿಯದು.”

“ನನ್ನ ಎರಡೂ ಹೆರಿಗೆ ಮಾಡಿಸಿದ್ದು ಅವರೇ. ಹಾಗಾದರೆ ಇದೂ ಈ ಊರಿನದೇ,” ಎಂದು ಒಪ್ಪಿಬಿಟ್ಟರು.

ಈಗ ಚರ್ಚಿನ ಎದುರು, ನಿಮ್ಮ ಗುಲಾಬಿಗಳ ನಡುವೆ, ನನ್ನ ಪ್ರಾಸ:

ಆಡಿದಿರಿ ಬದುಕೆಲ್ಲ ಇಂಗ್ಲಿಷಿನ ಮಾತು,
ಆಲಿಸಿರಿ ಇನ್ನು ಕನ್ನಡವ, ಇಲ್ಲಿ ಕೂತು.

ಹೇಗಿದೆ, ಮಾವ? ಓಕ್ ಮರ. ನಿಮ್ಮ ಇಂಗ್ಲೆಂಡಿನ ಮಳೆಗೂ ಅಳಿಯುವುದಿಲ್ಲ.

ಸಭಿಕರೇ, ಚಪ್ಪಾಳೆ ಬೇಡ.

ಈ ಬೇಸಿಗೆಯಲ್ಲಿ ಅನಘಳನ್ನು ಆ ಬೆಂಚಿನ ಮುಂದೆ ನಿಲ್ಲಿಸಿದೆ. ಹದಿನಾರರ ಹುಡುಗಿ ಅಕ್ಷರಗಳ ಮೇಲೆ ಬೆರಳಾಡಿಸಿ, “ಸೋ ಪ್ರಿಟಿ, ಅಪ್ಪ. ವಾಟ್ ಡಸ್ ಇಟ್ ಸೇ?” ಎಂದಳು. ಓದಿ ಹೇಳಿದೆ. ತಿಳಿಯಲಿಲ್ಲ. ಬಿಡಿಸಿ ಹೇಳಿದೆ. ಆಗಲೂ ತಿಳಿಯಲಿಲ್ಲ.

ಕೊನೆಗೆ ಇಂಗ್ಲಿಷಿನಲ್ಲೇ ಹೇಳಿದೆ, ಮಾವ. ಅದರಲ್ಲಿ ಪ್ರಾಸ ಇರಲಿಲ್ಲ.